ಯೋಜನೆ ಬರೆಯುವವರಲ್ಲಿ ನಮ್ಮ ಜಿಲ್ಲೆಯವರೂ ಇರಲಿ

(ಉತ್ತರ ಕನ್ನಡ ಜಿಲ್ಲೆಯ ಕಾರವಾರದಲ್ಲಿ ಅಂತಿಮ ವರ್ಷದ ಪದವಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಅಂತರರಾಷ್ಟ್ರೀಯ ಅಭಿವೃದ್ಧಿ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ. ಹೀಗೊಂದು ಕೋರ್ಸ್ ಇದೆ ಅಂದ ಕೂಡಲೇ ಎಲ್ಲರೂ ಎರಡು ಪ್ರಶ್ನೆ ಕೇಳುತ್ತಾರೆ. ಇದು ಎಂಬಿಎ ಥರನಾ? ಮುಗಿಸಿದ ಮೇಲೆ ಎಲ್ಲಿ ಕೆಲಸ ಸಿಗ್ತದೆ? ಎರಡಕ್ಕೂ ಉತ್ತರ ಹೇಳುತ್ತೇನೆ. ಅದಕ್ಕೂ ಮೊದಲು ಇದೇ ಕಾರವಾರದ ಒಂದು ವಿಷಯ ಹೇಳಬೇಕು. ನಿಮ್ಮಲ್ಲಿ ಹಲವರಿಗೆ ಇದು ಗೊತ್ತಿರಲಿಕ್ಕಿಲ್ಲ.

1952ರಲ್ಲಿ ನಾರ್ವೆ, ಭಾರತ ಮತ್ತು ವಿಶ್ವಸಂಸ್ಥೆ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ನಾರ್ವೆ ಆಗಿನ್ನೂ ಯುದ್ಧದ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತಿದ್ದ ಸಣ್ಣ ದೇಶ. ಬೇರೆ ದೇಶವೊಂದಕ್ಕೆ ಅದು ಕೈಹಾಕಿದ ಮೊದಲ ಅಭಿವೃದ್ಧಿ ಯೋಜನೆ ಇದು. ಅವರಿಗೆ ಚೆನ್ನಾಗಿ ಗೊತ್ತಿದ್ದದ್ದು ಮೀನುಗಾರಿಕೆ. ಹಾಗಾಗಿ ಕೇರಳದ ಕೊಲ್ಲಂ ಹತ್ತಿರದ ನೀಂಡಕರದಲ್ಲಿ ಶುರು ಮಾಡಿದರು. 1960ರ ದಶಕದಲ್ಲಿ ಯೋಜನೆ ಬೇರೆ ಬಂದರುಗಳಿಗೂ ಹಬ್ಬಿತು. ಅದರಲ್ಲಿ ಒಂದು ಕಾರವಾರ. ಇಂಜಿನ್ ಇರುವ ದೋಣಿ, ಮಂಜುಗಡ್ಡೆ, ಹೊಸ ಬಲೆ, ತರಬೇತಿ. ಉದ್ದೇಶ ಒಳ್ಳೆಯದೇ ಇತ್ತು. ಮೀನುಗಾರ ದೂರ ಹೋಗಿ ಜಾಸ್ತಿ ಮೀನು ಹಿಡಿಯಲಿ, ಹಿಡಿದ ಮೀನು ಕೆಡದಿರಲಿ, ಊರಿನವರಿಗೆ ಪೌಷ್ಟಿಕ ಆಹಾರ ಸಿಗಲಿ.

ಆಮೇಲೆ ಆದದ್ದೇನು? ಸಿಗಡಿಗೆ ವಿದೇಶದಲ್ಲಿ ಬೆಲೆ ಬಂತು. ಊರಿನ ಊಟಕ್ಕೆ ಮೀನು ಎಂದು ಹೊರಟ ಯೋಜನೆಯ ದೋಣಿಗಳು ರಫ್ತಿನ ಸಿಗಡಿಯ ಹಿಂದೆ ಬಿದ್ದವು. ಇಂಜಿನ್ ದೋಣಿ ಕೊಳ್ಳಲು ಬಂಡವಾಳ ಬೇಕು. ಬಂಡವಾಳ ಇದ್ದವರು ಮುಂದೆ ಹೋದರು. 1970ರ ದಶಕದ ನಡುವಿನಿಂದ ನಮ್ಮ ಕರಾವಳಿಗೆ ಪರ್ಸೀನ್ ಬಲೆ ಬಂತು, ಅಂದರೆ ಇಂಜಿನ್ ದೋಣಿಯಿಂದ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ದೊಡ್ಡ ಬಲೆ. ಕೆಲವೇ ವರ್ಷಗಳಲ್ಲಿ ರಂಪಣಿ ಬಡವಾಯಿತು. ರಂಪಣಿ ಅಂದರೆ ಕೇರಿಗೆ ಕೇರಿಯೇ ದಡದಲ್ಲಿ ನಿಂತು ಎಳೆಯುವ ಬಲೆ. ಎಳೆದವರಿಗೆಲ್ಲ ಪಾಲು. ನಿಮ್ಮ ಅಜ್ಜ ಅಜ್ಜಿಯರಲ್ಲಿ ಯಾರಾದರೂ ರಂಪಣಿ ಎಳೆದವರಿದ್ದರೆ ಕೇಳಿ ನೋಡಿ. ಬಲೆಯ ಜೊತೆ ಇನ್ನೂ ಏನೇನು ಹೋಯಿತು ಅಂತ ಹೇಳುತ್ತಾರೆ.

ಇದರಲ್ಲಿ ನಾರ್ವೆಯವರನ್ನು ಖಳರನ್ನಾಗಿ ಮಾಡುವುದು ನನ್ನ ಉದ್ದೇಶ ಅಲ್ಲ. ಮೀನಿನ ಉತ್ಪಾದನೆ ಜಾಸ್ತಿ ಆಯಿತು, ಎಷ್ಟೋ ಮನೆಗಳು ಮೇಲೆ ಬಂದವು. ಅದೂ ನಿಜ. ನನ್ನ ಪ್ರಶ್ನೆ ಬೇರೆ. ಯೋಜನೆ ಬರೆಯುವಾಗ ಯಾರು ಇದ್ದರು? ರಂಪಣಿ ಎಳೆಯುವವರನ್ನು ಯಾರಾದರೂ ಕೇಳಿದರಾ? ಸಿಗಡಿಯ ಬೆಲೆ ಏರಿದರೆ ಏನಾಗಬಹುದು ಅಂತ ಯಾರಾದರೂ ಯೋಚಿಸಿದ್ದರಾ? ಕೊನೆಗೆ ಲೆಕ್ಕ ಹಾಕುವಾಗ ಎಷ್ಟು ಟನ್ ಮೀನು ಅಂತ ನೋಡಿದರೋ, ಯಾರ ಮನೆಗೆ ಎಷ್ಟು ಹೋಯಿತು ಅಂತ ನೋಡಿದರೋ? ನಾನು ಹೇಳುತ್ತಿರುವ ಕೋರ್ಸ್ ಇಂಥ ಪ್ರಶ್ನೆಗಳದ್ದು. ಇಂಡೋ-ನಾರ್ವೇಜಿಯನ್ ಯೋಜನೆ ಅಭಿವೃದ್ಧಿ ಅಧ್ಯಯನದಲ್ಲಿ ಮತ್ತೆ ಮತ್ತೆ ಚರ್ಚೆಗೆ ಬರುವ ಉದಾಹರಣೆ. ಸಾವಿರಾರು ಮೈಲಿ ದೂರದ ತರಗತಿಯಲ್ಲಿ ಕುಳಿತು ಅದನ್ನು ಓದುವಾಗ ನನಗೆ ನಮ್ಮ ಕಡಲೇ ಕಣ್ಣ ಮುಂದೆ ಇತ್ತು. ಪಕ್ಕದಲ್ಲಿದ್ದವರಿಗೆ ಅದು ಪರೀಕ್ಷೆಯ ಒಂದು ಪ್ರಶ್ನೆ.

ಈಗ ಎಂಬಿಎ ಪ್ರಶ್ನೆಗೆ ಬರುತ್ತೇನೆ. ವ್ಯಾಪಾರದಲ್ಲಿ ದುಡ್ಡು ಕೊಡುವವನೂ ವಸ್ತು ಪಡೆಯುವವನೂ ಒಬ್ಬನೇ. ಇಲ್ಲಿನ ಮಾರ್ಕೆಟ್‌ನಲ್ಲಿ ಬಂಗಡೆ ಹಳತು ಅಂತ ಕಂಡರೆ ನೀವು ಪಕ್ಕದ ಬುಟ್ಟಿಗೆ ಹೋಗುತ್ತೀರಿ. ಮಾರುವವಳಿಗೆ ತಕ್ಷಣ ಗೊತ್ತಾಗುತ್ತದೆ. ಅಭಿವೃದ್ಧಿ ಕೆಲಸದಲ್ಲಿ ಹಾಗಿಲ್ಲ. ದುಡ್ಡು ಕೊಡುವವರು ಲಂಡನ್ನಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಅನುಭವಿಸುವವರು ಯಲ್ಲಾಪುರದ ಒಂದು ಮಜರೆಯಲ್ಲಿ ಇರುತ್ತಾರೆ. ಬೇಡದ ಸಸಿ ಬಂದರೂ ಅವರು ವಾಪಸ್ ಮಾಡುವಂತಿಲ್ಲ. ಕೆಲಸ ಕೆಟ್ಟರೆ ದುಡ್ಡು ಕೊಟ್ಟವರಿಗೆ ಅದು ಗೊತ್ತಾಗುವುದು ವರದಿಯಿಂದ ಮಾತ್ರ. ಆ ವರದಿ ಬರೆಯುವವರು ಯಾರು? ಯೋಜನೆ ನಡೆಸಿದವರೇ. ಈ ಅಂತರವನ್ನು ಹೇಗೆ ದಾಟುವುದು ಅನ್ನುವುದೇ ಅಭಿವೃದ್ಧಿ ನಿರ್ವಹಣೆ. ಬಜೆಟ್, ಸಿಬ್ಬಂದಿ, ಸಮಯಪಟ್ಟಿ ಎಲ್ಲವೂ ಇದೆ, ಆ ಮಟ್ಟಿಗೆ ಎಂಬಿಎ ಥರವೇ. ಆದರೆ ಅದರ ಜೊತೆಗೆ ರಾಜಕೀಯ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಸೇರಿಕೊಳ್ಳುತ್ತವೆ.

ಸಸಿ ಅಂದೆ, ಅದಕ್ಕೂ ಕಾರಣ ಇದೆ. 1990ರ ದಶಕದ ಆರಂಭದಲ್ಲಿ ಬ್ರಿಟನ್ ಸರ್ಕಾರದ ಒಡಿಎ, ಅಂದರೆ ಅವರ ನೆರವು ಇಲಾಖೆ, ಕರ್ನಾಟಕದ ಪಶ್ಚಿಮ ಘಟ್ಟ ಅರಣ್ಯ ಯೋಜನೆಗೆ ಹಣ ಕೊಟ್ಟಿತು. ಮೊದಲು ಶುರುವಾದದ್ದು ನಮ್ಮ ಕೆನರಾ ಅರಣ್ಯ ವೃತ್ತದಲ್ಲಿ. 1993ರಲ್ಲಿ ಜಂಟಿ ಅರಣ್ಯ ನಿರ್ವಹಣೆಯ, ಅಂದರೆ ಇಲಾಖೆಯೂ ಊರಿನವರೂ ಸೇರಿ ಕಾಡು ನೋಡಿಕೊಳ್ಳುವ, ರಾಜ್ಯ ಸರ್ಕಾರದ ಆದೇಶ ಬಂತು. ನಿಮ್ಮ ಊರಿನಲ್ಲಿ ವಿಎಫ್‌ಸಿ ಇದೆಯಲ್ಲ, ಗ್ರಾಮ ಅರಣ್ಯ ಸಮಿತಿ, ಅದರ ಹುಟ್ಟು ಇಲ್ಲಿದೆ. ಎಷ್ಟೋ ಜನ ಅದನ್ನು ಫಾರೆಸ್ಟ್ ಇಲಾಖೆಯದ್ದೇ ಸಮಿತಿ ಅಂದುಕೊಂಡಿದ್ದಾರೆ. ಅದರ ಹಿಂದೆ ಬ್ರಿಟಿಷ್ ತೆರಿಗೆದಾರರ ಹಣವೂ, ಜನರನ್ನು ಸೇರಿಸಿಕೊಳ್ಳದೆ ಕಾಡು ಉಳಿಯದು ಎಂಬ ಆ ಕಾಲದ ಜಾಗತಿಕ ಚರ್ಚೆಯೂ ಇದ್ದವು. ಇಲ್ಲೇ 1983ರಲ್ಲಿ ಶಿರಸಿಯ ಸಾಲ್ಕಣಿ ಕಡೆ ಜನ ಮರ ಅಪ್ಪಿಕೊಂಡು ನಿಂತಿದ್ದರು. ಅಪ್ಪಿಕೋ ಚಳವಳಿ. ಜನರಿಗೆ ಕಾಡಿನ ಬಗ್ಗೆ ಹೇಳಲು ಏನಿದೆ ಅಂತ ತಿಳಿಯಲು ಯಾರೂ ಸಮೀಕ್ಷೆ ಮಾಡಬೇಕಿರಲಿಲ್ಲ. ಆದರೂ ಹಲವು ಕಡೆ ಸಮಿತಿಯ ಹೆಸರಿನಲ್ಲಿ ಎದ್ದದ್ದು ಅಕೇಶಿಯಾ ನೆಡುತೋಪು. ಹೆಂಗಸರು ಸೊಪ್ಪು, ದರಕು (ಒಣ ಎಲೆ), ಉರುವಲು ತರುವವರು. ಅಕೇಶಿಯಾದ ಕೆಳಗೆ ಅವರಿಗೆ ಎಷ್ಟು ಸಿಗುತ್ತದೆ?

ಇಂಥ ಯೋಜನೆಗಳು ಕಾಗದದ ಮೇಲೆ ಹೇಗೆ ಹುಟ್ಟುತ್ತವೆ ಎಂಬುದನ್ನು ಕೋರ್ಸಿನ ಮೊದಲ ತಿಂಗಳುಗಳಲ್ಲೇ ಕಲಿಸುತ್ತಾರೆ. ಅಲ್ಲಿ ನಿಮಗೆ ಮೊದಲು ಎದುರಾಗುವುದು ಲಾಗ್‌ಫ್ರೇಮ್ ಎಂಬ ಒಂದು ಕೋಷ್ಟಕ. 1969ರಲ್ಲಿ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್‌ಗಾಗಿ ಇದನ್ನು ತಯಾರಿಸಿದರು. ನಾಲ್ಕು ಸಾಲು, ನಾಲ್ಕು ಕಾಲಂ. ಸಾಲುಗಳಲ್ಲಿ ಮೇಲಿನಿಂದ ಕೆಳಕ್ಕೆ ದೊಡ್ಡ ಗುರಿ, ಯೋಜನೆಯ ಉದ್ದೇಶ, ಕೈಗೆ ಸಿಗುವ ಫಲ, ಮಾಡುವ ಕೆಲಸ. ಕಾಲಂಗಳಲ್ಲಿ ಅದರ ವಿವರಣೆ, ಆಯಿತೋ ಇಲ್ಲವೋ ಅಂತ ಅಳೆಯುವ ಸೂಚಕ, ಆ ಅಳತೆಗೆ ಪುರಾವೆ ಎಲ್ಲಿ ಸಿಗುತ್ತದೆ ಎಂಬುದು, ಕೊನೆಗೆ ನಾವು ಏನನ್ನು ನಂಬಿಕೊಂಡು ಹೊರಟಿದ್ದೇವೆ ಎಂಬುದು.

ಉದಾಹರಣೆಯಿಲ್ಲದೆ ಇದು ತಲೆಗೆ ಹೋಗುವುದಿಲ್ಲ. ಕುಮಟಾದ ಗಜನಿ ತೆಗೆದುಕೊಳ್ಳೋಣ. ಘಟ್ಟದ ಮೇಲಿನಿಂದ ಬಂದವರಿಗೆ ಎರಡು ಮಾತು: ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಭರತದ ಉಪ್ಪುನೀರು ಒಳಗೆ ನುಗ್ಗುವ ತಗ್ಗು ಗದ್ದೆಗಳಿವೆ. ಅದೇ ಗಜನಿ. ಮಳೆಗಾಲದಲ್ಲಿ ಉಪ್ಪು ತೊಳೆದು ಹೋದಾಗ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುವ ತಳಿ. ಗೊಬ್ಬರ, ಔಷಧಿ ಬೇಡ. ಕೊಯ್ಲು ಮುಗಿದ ಮೇಲೆ ನೀರು ಒಳಗೆ ಬಿಟ್ಟರೆ ಮೀನು, ಸಿಗಡಿ. ಹಕ್ಕಿಗಳೂ ಬರುತ್ತವೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯಿತು, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶ ಅಂತ ಗುರುತಾಯಿತು. ಅಲ್ಲಿ ಬೆಳಚು (ಚಿಪ್ಪುಮೀನು) ಹೆಕ್ಕಿ ಸಂಸಾರ ನಡೆಸುವ ಹೆಂಗಸರ ಬಗ್ಗೆ ಹೇಳಲು ಹೊರಟರೆ ಇಡೀ ಮಧ್ಯಾಹ್ನ ಬೇಕು, ಅದು ಇನ್ನೊಮ್ಮೆ.

ಈಗ ಯಾರೋ ಗಜನಿ ಕಟ್ಟೆ ದುರಸ್ತಿಗೆ ಹಣ ಕೊಡುತ್ತಾರೆ ಅಂತ ಇಟ್ಟುಕೊಳ್ಳಿ. ಗುರಿ: ರೈತ ಕುಟುಂಬಗಳ ಬದುಕು ಸುಧಾರಿಸಬೇಕು. ಉದ್ದೇಶ: ಪಾಳು ಬಿದ್ದ ಗಜನಿಯಲ್ಲಿ ಮತ್ತೆ ಕಗ್ಗ ಬೆಳೆಯಬೇಕು. ಫಲ: ಇಷ್ಟು ಮೀಟರ್ ಕಟ್ಟೆ, ಇಷ್ಟು ಗೇಟು ರೆಡಿ. ಕೆಲಸ: ಕಲ್ಲು ತರುವುದು, ಮಣ್ಣು ಹಾಕುವುದು. ಸೂಚಕ: ಎಷ್ಟು ಎಕರೆ ಬಿತ್ತನೆ ಆಯಿತು. ಪುರಾವೆ: ಬೆಳೆ ಸಮೀಕ್ಷೆಯ ದಾಖಲೆ. ಇಲ್ಲಿಯವರೆಗೆ ಯಾರು ಬೇಕಾದರೂ ಬರೆಯುತ್ತಾರೆ. ಕೊನೆಯ ಕಾಲಂಗೆ ಬನ್ನಿ. ನಾವು ಏನನ್ನು ನಂಬಿಕೊಂಡಿದ್ದೇವೆ? ಮಳೆಗಾಲಕ್ಕೆ ಮುಂಚೆ ಎಲ್ಲರೂ ಸೇರಿ ಉಪ್ಪುನೀರು ಹೊರಗೆ ಬಿಡಲು ಒಪ್ಪುತ್ತಾರೆ ಅಂತ. ಗಜನಿಯನ್ನು ಸಿಗಡಿಗಾಗಿ ಗುತ್ತಿಗೆ ಹಿಡಿದವನು ಗೇಟು ತೆಗೆಯಲು ಬಿಡುತ್ತಾನೆ ಅಂತ. ಒಬ್ಬನ ಗದ್ದೆಗೆ ಮಾತ್ರ ನೀರು ತಡೆಯಲು ಬರುವುದಿಲ್ಲ. ಬಿತ್ತಿದರೆ ಎಲ್ಲರೂ ಬಿತ್ತಬೇಕು. ಕಟ್ಟೆ ಎಷ್ಟೇ ಗಟ್ಟಿ ಕಟ್ಟಿ, ಭತ್ತದವರಿಗೂ ಸಿಗಡಿಯವರಿಗೂ ಮಾತು ಮುರಿದಿದ್ದರೆ ಕಗ್ಗ ಬರುವುದಿಲ್ಲ.

ಗಜನಿ ಊರಿನ ಹುಡುಗಿಯೋ ಹುಡುಗನೋ ಈ ಕಾಲಂ ಬರೆಯಲು ಕುಳಿತರೆ ಇದನ್ನೇ ಮೊದಲು ಬರೆಯುತ್ತಾರೆ. ಹೊರಗಿನವರು ಇಲ್ಲಿ ‘ಹವಾಮಾನ ಅನುಕೂಲಕರವಾಗಿರುತ್ತದೆ’ ಅಂತ ಬರೆದು ಮುಗಿಸುತ್ತಾರೆ. ಅಂಥ ದಾಖಲೆಗಳನ್ನು ನಾನು ತುಂಬಾ ಓದಿದ್ದೇನೆ. ನಮ್ಮ ಜಿಲ್ಲೆಯ ಮಕ್ಕಳು ಈ ವಿದ್ಯೆ ಕಲಿಯಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ಇದೇ ಕಾರಣ.

ಇನ್ನೊಂದು ವಿದ್ಯೆ ವೆಚ್ಚ-ಲಾಭ ಲೆಕ್ಕ. ಇದರಲ್ಲಿ ಶಿರಸಿಯವರು ನಮಗೆಲ್ಲ ಗುರುಗಳು. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಅಡಿಕೆ ತೋಟಗಳೂ ಕಾಡೂ ಮುಳುಗುತ್ತಿದ್ದವು. ತೋಟಿಗರು ಬರೀ ಘೋಷಣೆ ಕೂಗಲಿಲ್ಲ. 1923ರಲ್ಲಿ ಹುಟ್ಟಿದ ಅವರದೇ ಸಹಕಾರಿ ಸಂಘ ಇತ್ತು, ತೋಟಗಾರ್ಸ್ ಸೇಲ್ ಸೊಸೈಟಿ. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು, ಅರ್ಥಶಾಸ್ತ್ರ ಬಲ್ಲವರನ್ನು ಕರೆಸಿ ವಿಚಾರ ಸಂಕಿರಣ ನಡೆಸಿದರು. ಸರ್ಕಾರದ ಲೆಕ್ಕಕ್ಕೆ ಎದುರಾಗಿ ತಮ್ಮ ಲೆಕ್ಕ ಇಟ್ಟರು. ಕಾಡಿನ ಬೆಲೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ಬೆಲೆ, ತೋಟದ ಬೆಲೆ ಸೇರಿಸಿದರೆ ಯೋಜನೆ ಲಾಭದ್ದಲ್ಲ ಅಂತ ತೋರಿಸಿದರು. ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ರೈತರ ಸೊಸೈಟಿಯೊಂದು ಅಣೆಕಟ್ಟಿನ ವೆಚ್ಚ-ಲಾಭ ಲೆಕ್ಕವನ್ನೇ ಪ್ರಶ್ನಿಸಿ ನಿಂತದ್ದು ನಮ್ಮ ದೇಶದಲ್ಲಿ ಅಪರೂಪದ ಘಟನೆ. ಈಗ ಬೇಡ್ತಿ-ವರದಾ ನದಿ ಜೋಡಣೆಯ ವಿಷಯದಲ್ಲಿ ಅದೇ ಊರುಗಳು ಮತ್ತೆ ಎದ್ದಿವೆ. ಅವರಿಗೆ ಮತ್ತೆ ಲೆಕ್ಕ ಬಲ್ಲವರು ಬೇಕು.

ಆ ಲೆಕ್ಕದ ಒಳಗಿನ ಒಂದು ಸೂಕ್ಷ್ಮ ಹೇಳುತ್ತೇನೆ, ಸ್ವಲ್ಪ ಗಮನ ಕೊಡಿ. ಮುಂದೆ ಬರುವ ಹಣಕ್ಕೆ ಇವತ್ತಿನ ಬೆಲೆ ಎಷ್ಟು ಅಂತ ನೋಡಲು ಒಂದು ದರ ಹಿಡಿಯುತ್ತಾರೆ. ದೊಡ್ಡ ಯೋಜನೆಗಳಲ್ಲಿ ಬಹಳ ಕಾಲ ಶೇಕಡಾ 10ರಿಂದ 12 ಹಿಡಿಯುವುದು ರೂಢಿ. ಶೇ 10 ಹಿಡಿದರೆ 50 ವರ್ಷದ ನಂತರ ತೋಟದಿಂದ ಬರುವ 100 ರೂಪಾಯಿಗೆ ಇವತ್ತಿನ ಲೆಕ್ಕದಲ್ಲಿ 85 ಪೈಸೆ. ಶೇ 3 ಹಿಡಿದರೆ ಅದೇ 100 ರೂಪಾಯಿಗೆ ಸುಮಾರು 23 ರೂಪಾಯಿ. ತೋಟ ಅದೇ, ಮರ ಅದೇ. ದರ ಬದಲಾದ ಕೂಡಲೇ ಮೊಮ್ಮಕ್ಕಳ ಪಾಲು ಇಪ್ಪತ್ತು ಪಟ್ಟಿಗಿಂತ ಜಾಸ್ತಿ ಹಿಗ್ಗಿತು. ತಲೆಮಾರುಗಟ್ಟಲೆ ನಡೆದು ಬಂದ ತೋಟವನ್ನು ಈ ಲೆಕ್ಕದಲ್ಲಿ ಎಷ್ಟು ಸುಲಭವಾಗಿ ಇಲ್ಲವಾಗಿಸಬಹುದು ನೋಡಿ. ಸಾರ್ವಜನಿಕ ಸಭೆಯಲ್ಲಿ ಎದ್ದು ನಿಂತು ‘ನೀವು ಹಿಡಿದ ದರ ಎಷ್ಟು ಸ್ವಾಮಿ, ಯಾಕೆ ಅಷ್ಟು?’ ಅಂತ ಕೇಳುವವರು ನಮ್ಮ ಪ್ರತಿ ತಾಲೂಕಿನಲ್ಲೂ ಇಬ್ಬರಾದರೂ ಇದ್ದರೆ ಎಷ್ಟು ಚೆನ್ನ!

ಒಕ್ಕಲೆಬ್ಬಿಸುವ ವಿಷಯ ಈ ಸಭೆಯಲ್ಲಿ ಮಾತಾಡದೆ ಇರಲು ಆಗುವುದಿಲ್ಲ. ನಿಮ್ಮಲ್ಲೇ ತೋಡೂರು, ಅಮದಳ್ಳಿ, ಮುದಗಾ ಕಡೆಯಿಂದ ಬಂದವರಿದ್ದೀರಿ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಿಲಾನ್ಯಾಸ ಆಯಿತು. 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಇವೆರಡರ ನಡುವೆ ಕಾರವಾರ-ಅಂಕೋಲಾ ಕಡಲಂಚಿನ 4,000ಕ್ಕೂ ಹೆಚ್ಚು ಕುಟುಂಬಗಳು ಊರು ಬಿಟ್ಟವು. ದೇಶದ ರಕ್ಷಣೆಗೆ ನೆಲೆ ಬೇಕು ಎಂಬುದರ ಬಗ್ಗೆ ಆ ಕುಟುಂಬಗಳೂ ತಕರಾರು ಮಾಡಿದವರಲ್ಲ. ಪರಿಹಾರಕ್ಕಾಗಿ ಅವರು ಕೋರ್ಟು ಕಚೇರಿ ಅಂತ ದಶಕಗಟ್ಟಲೆ ಅಲೆದದ್ದು ನಿಮಗೆ ಗೊತ್ತೇ ಇದೆ.

ಮೈಕೆಲ್ ಸೆರ್ನಿಯಾ ಎಂಬ ಸಮಾಜಶಾಸ್ತ್ರಜ್ಞ ವಿಶ್ವ ಬ್ಯಾಂಕಿನಲ್ಲಿದ್ದರು. ಒತ್ತಾಯದ ಸ್ಥಳಾಂತರದ ಬಗ್ಗೆ ಬ್ಯಾಂಕು 1980ರಲ್ಲಿ ಮೊದಲ ನೀತಿ ತಂದಾಗ ಅದರ ಹಿಂದೆ ಅವರ ಕೆಲಸ ಇತ್ತು. ಊರು ಬಿಟ್ಟವರು ಬಡವರಾಗುವ ಎಂಟು ದಾರಿಗಳನ್ನು ಅವರು ಗುರುತಿಸಿದರು. ಜಮೀನು ಹೋಗುವುದು, ಕೆಲಸ ಹೋಗುವುದು, ಮನೆ ಹೋಗುವುದು, ಸಮಾಜದಲ್ಲಿ ಮೂಲೆಗೆ ಸರಿಯುವುದು, ಊಟಕ್ಕೆ ತತ್ವಾರ, ಕಾಯಿಲೆ ಮತ್ತು ಸಾವು ಹೆಚ್ಚುವುದು, ಎಲ್ಲರಿಗೂ ಸೇರಿದ ಜಾಗ ಕೈತಪ್ಪುವುದು, ನೆರೆಹೊರೆಯ ನಂಟು ಹರಿಯುವುದು. ನಮ್ಮ ಪರಿಹಾರದ ಕಾಗದಗಳಲ್ಲಿ ಇವುಗಳಲ್ಲಿ ಎಷ್ಟಕ್ಕೆ ಜಾಗ ಇದೆ? ಜಮೀನಿಗೆ ಗುಂಟೆ ಲೆಕ್ಕದಲ್ಲಿ ಬೆಲೆ ಕಟ್ಟಿದರು, ಮನೆಗೂ ಕಟ್ಟಿದರು. ದೋಣಿ ಎಳೆದು ನಿಲ್ಲಿಸುತ್ತಿದ್ದ, ಮೀನು ಒಣಗಿಸುತ್ತಿದ್ದ ಮರಳಿಗೆ ಬೆಲೆ ಕಟ್ಟಲಿಲ್ಲ, ಯಾಕೆಂದರೆ ಅದು ಯಾರ ಪಹಣಿಯಲ್ಲೂ ಇರಲಿಲ್ಲ. ಕಡಲಿನಿಂದ ದೂರ ಕಾಲೋನಿಯಲ್ಲಿ ಮನೆ ಕೊಟ್ಟರೆ ಮೀನುಗಾರ ಮಹಿಳೆಗೆ ಏನು ಸಿಕ್ಕಂತಾಯಿತು? ಸೆರ್ನಿಯಾ ಅವರ ಪಟ್ಟಿ ಹಿಡಿದು ತೋಡೂರು ಕಾಲೋನಿಯ ಒಂದೊಂದು ಮನೆಯನ್ನೂ ಕೇಳಿಕೊಂಡು ಬರುವ ಅಧ್ಯಯನವನ್ನು ನಿಮ್ಮಲ್ಲಿ ಒಬ್ಬರು ಮಾಡಬೇಕು. ಹೊಸ ಬಂದರುಗಳ ಮಾತು ಅಂಕೋಲಾದ ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಈಗಲೂ ನಡೆಯುತ್ತಿದೆ. ಹಾಗಾಗಿ ಇದು ಹಳೆಯ ಕಥೆ ಅಲ್ಲ.

ಎಲಿನಾರ್ ಆಸ್ಟ್ರಮ್ ಹೆಸರು ಕೇಳಿರಬಹುದು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಊರಿನವರೇ ನಿಯಮ ಮಾಡಿಕೊಂಡು ಕಾಡು, ನೀರು, ಮೀನು ಉಳಿಸಿಕೊಳ್ಳಬಲ್ಲರು ಎಂದು ತೋರಿಸಿದವರು. ಅವರ ಪಾಠ ಬಂದಾಗ ನಾನು ಕುಮಟಾದ ಹಳಕಾರದ ಬಗ್ಗೆ ಮಾತಾಡಿದೆ. ಬ್ರಿಟಿಷರ ಕಾಲದಲ್ಲಿ ಶುರುವಾದ ಅಲ್ಲಿನ ಗ್ರಾಮ ಅರಣ್ಯ ಪಂಚಾಯತ್ ತನ್ನ ಕಾಡನ್ನು ತಾನೇ ಕಾದುಕೊಂಡು ಬಂದಿದೆ. ತರಗತಿಯಲ್ಲಿ ಘಾನಾದವರು, ನೇಪಾಳದವರು, ಕೊಲಂಬಿಯಾದವರು ಇದ್ದರು. ನೇಪಾಳದವರು ತಮ್ಮ ಸಮುದಾಯ ಅರಣ್ಯದ ಬಗ್ಗೆ ಹೇಳಿದರು. ಆ ದಿನದ ಚರ್ಚೆ ಕ್ಯಾಂಟೀನಿನಲ್ಲಿ ರಾತ್ರಿಯವರೆಗೂ ನಡೆಯಿತು. ವಿದೇಶದಲ್ಲಿ ಓದುವುದರ ನಿಜವಾದ ಲಾಭ ನನ್ನ ಪ್ರಕಾರ ಇದು. ಬೋಧಕರು ಒಳ್ಳೆಯವರು ಇಲ್ಲೂ ಇದ್ದಾರೆ. ಆದರೆ ನಮ್ಮಂಥದೇ ತೊಂದರೆ ಇರುವ ಹತ್ತು ದೇಶದವರು ಒಂದು ಕೋಣೆಯಲ್ಲಿ ಸಿಗುವುದು ಅಲ್ಲಿ.

ಊರಿನವರ ಜೊತೆ ಕುಳಿತು ನೆಲದ ಮೇಲೆ ಪುಡಿಯಲ್ಲಿ ಊರಿನ ನಕ್ಷೆ ಬರೆದು, ಬೀಜಗಳನ್ನಿಟ್ಟು ಲೆಕ್ಕ ಹಾಕುವ ವಿಧಾನವನ್ನೂ ಕಲಿಸುತ್ತಾರೆ. ಪಿಆರ್‌ಎ ಅನ್ನುತ್ತಾರೆ, ಅಂದರೆ ಜನರೇ ಪಾಲ್ಗೊಂಡು ಮಾಡುವ ಗ್ರಾಮ ಅಧ್ಯಯನ. ಬ್ರಿಟನ್ನಿನ ಸಸೆಕ್ಸ್‌ನಲ್ಲಿದ್ದ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಹೆಸರಿನ ಜೊತೆ ಇದು ಜಗತ್ತಿಗೆ ಪರಿಚಯ. ಆದರೆ 1980ರ ದಶಕದ ಕೊನೆಯಲ್ಲಿ ಇದು ರೂಪು ಪಡೆಯುವಾಗ ಕರ್ನಾಟಕದ ಹಳ್ಳಿಗಳಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಮಾಡಿದ ಕೆಲಸದ ಪಾಲು ದೊಡ್ಡದು. ನಮ್ಮ ಹಳ್ಳಿಯ ಜನ ಕಲಿಸಿದ್ದನ್ನೇ ನಾವು ಪೌಂಡ್ ಕೊಟ್ಟು ಕಲಿಯುತ್ತೇವೆ. ಅದಕ್ಕೇ ಹೋಗುವ ಮೊದಲು ಇಲ್ಲಿನದನ್ನು ತಿಳಿದುಕೊಂಡು ಹೋಗಿ ಅಂತ ಹೇಳುವುದು.

ಸರಿ, ದುಡ್ಡಿನ ವಿಷಯ. ಬ್ರಿಟನ್ನಿನಲ್ಲಿ ಈ ಕೋರ್ಸ್ ಒಂದು ವರ್ಷ. ಸೆಪ್ಟೆಂಬರ್‌ನಲ್ಲಿ ಶುರು, ಕೊನೆಗೆ ಹತ್ತರಿಂದ ಹದಿನೈದು ಸಾವಿರ ಪದಗಳ ಪ್ರಬಂಧ. ಮ್ಯಾಂಚೆಸ್ಟರ್, ಬ್ರಾಡ್‌ಫರ್ಡ್, ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್, ಸಸೆಕ್ಸ್‌ನ ಅಭಿವೃದ್ಧಿ ಅಧ್ಯಯನ ಸಂಸ್ಥೆ (ಐಡಿಎಸ್) ಹೆಸರಾದ ಜಾಗಗಳು. ಹೊರದೇಶದವರಿಗೆ ಶುಲ್ಕ ಸಾಮಾನ್ಯವಾಗಿ 20ರಿಂದ 30 ಸಾವಿರ ಪೌಂಡ್. ರೂಪಾಯಿಯಲ್ಲಿ 20 ಲಕ್ಷ ದಾಟುತ್ತದೆ, ಊಟ ವಸತಿ ಬೇರೆ. ತೋಟ ಅಡವಿಟ್ಟು, ಚಿನ್ನ ಅಡವಿಟ್ಟು ಈ ಕೋರ್ಸಿಗೆ ಹೋಗಬೇಡಿ. ಇದನ್ನು ನಾನು ಪೂರ್ತಿ ಗಂಭೀರವಾಗಿ ಹೇಳುತ್ತಿದ್ದೇನೆ. ಈ ಕ್ಷೇತ್ರದ ಸಂಬಳ ಅಂಥ ಸಾಲವನ್ನು ಬೇಗ ತೀರಿಸುವಂಥದ್ದಲ್ಲ.

ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ ಹೋಗಿ. ದಾರಿಗಳಿವೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಪೂರ್ತಿ ಖರ್ಚು ಕೊಡುತ್ತದೆ. ಅದಕ್ಕೆ 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಓದಿ ಮುಗಿಸಿ ಎರಡು ವರ್ಷ ಸ್ವದೇಶದಲ್ಲಿ ಇರಬೇಕು. 1959ರಿಂದ ನಡೆದು ಬಂದ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಇನ್ನೊಂದು. ಯುರೋಪಿನ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನದಲ್ಲಿ ಎರಡು ವರ್ಷ ಬೇರೆ ಬೇರೆ ದೇಶದಲ್ಲಿ ಓದು. ಆಯ್ಕೆಯಾದವರಿಗೆ ಶುಲ್ಕ ಇಲ್ಲ, ತಿಂಗಳಿಗೆ 1,400 ಯೂರೋ ಕೊಡುತ್ತಾರೆ. ಅದರಲ್ಲಿ ಗ್ಲೋಡೆಪ್ ಎಂಬ ಅಭಿವೃದ್ಧಿ ನೀತಿಯ ಕೋರ್ಸೇ ಇದೆ. ಜರ್ಮನಿಯ ವಿದ್ಯಾರ್ಥಿವೇತನ ಸಂಸ್ಥೆ ಡಾಡ್ (DAAD) ಕೂಡ ಅಭಿವೃದ್ಧಿಯ ಕೋರ್ಸ್‌ಗಳಿಗೆಂದೇ ನೆರವು ಕೊಡುತ್ತದೆ. ಪರಿಶಿಷ್ಟ ಜಾತಿಯವರಿಗೆ, ಅಲೆಮಾರಿ ಸಮುದಾಯದವರಿಗೆ, ಭೂಮಿಯಿಲ್ಲದ ಕೃಷಿ ಕೂಲಿಕಾರರ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ವಿದೇಶಿ ವಿದ್ಯಾರ್ಥಿವೇತನ ಇದೆ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ಸಚಿವಾಲಯದ್ದು ಬೇರೆ. ನಮ್ಮ ಜಿಲ್ಲೆಯ ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿತು. ಹಳಿಯಾಳ, ಯಲ್ಲಾಪುರದ ಸಿದ್ದಿ ಯುವಕ ಯುವತಿಯರಿಗೆ ಈ ದಾರಿ ಇದೆ ಎಂಬುದೇ ಎಷ್ಟೋ ಜನರಿಗೆ ತಲುಪಿಲ್ಲ. ದಯವಿಟ್ಟು ತಲುಪಿಸಿ. ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಇದೆ.

ವಿದೇಶಕ್ಕೇ ಹೋಗಬೇಕು ಅಂತಿಲ್ಲ. ಗುಜರಾತಿನ ಆನಂದ್ ಪಟ್ಟಣದಲ್ಲಿ ವರ್ಗೀಸ್ ಕುರಿಯನ್ 1979ರಲ್ಲಿ ಸ್ಥಾಪಿಸಿದ ಗ್ರಾಮೀಣ ನಿರ್ವಹಣಾ ಸಂಸ್ಥೆ ಇರ್ಮಾ, ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್), ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಹತ್ತಿರದಲ್ಲೇ ಬೇಕೆಂದರೆ ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ. ನಮ್ಮ ಸಹಕಾರಿ ಸಂಘಗಳಲ್ಲಿ ಕೆಲಸ ಮಾಡುವ ಆಸೆ ಇದ್ದವರಿಗೆ ಇರ್ಮಾದ ಓದು ಲಂಡನ್ನಿನ ಓದಿಗಿಂತ ಉಪಯೋಗ ಅಂತ ನನ್ನ ಅಭಿಪ್ರಾಯ.

ಕೆಲಸದ ಪ್ರಶ್ನೆಗೆ ಮುಚ್ಚುಮರೆಯಿಲ್ಲದ ಉತ್ತರ ಕೊಡಬೇಕು. ಈಗ ಕಾಲ ಕಷ್ಟದ್ದು. ಜಗತ್ತಿನ ಅತಿ ದೊಡ್ಡ ನೆರವು ಸಂಸ್ಥೆಯಾಗಿದ್ದ ಯುಎಸ್‌ಏಡ್ 2025ರ ಜುಲೈ 1ಕ್ಕೆ ಬಾಗಿಲು ಹಾಕಿತು. ಶ್ರೀಮಂತ ದೇಶಗಳು ರಾಷ್ಟ್ರೀಯ ಆದಾಯದ ಶೇ 0.7ನ್ನು ನೆರವಿಗೆ ಕೊಡಬೇಕು ಅಂತ ವಿಶ್ವಸಂಸ್ಥೆ 1970ರಲ್ಲೇ ಹೇಳಿತ್ತು. ಬ್ರಿಟನ್ ಆ ಮಟ್ಟಕ್ಕೆ ಏರಿ, 2021ರಲ್ಲಿ 0.5ಕ್ಕೆ ಇಳಿದು, ಈಗ 2027ಕ್ಕೆ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಸಾವಿರಾರು ಅನುಭವಿಗಳು ಕೆಲಸ ಕಳೆದುಕೊಂಡು ಹೊಸಬರ ಜೊತೆ ಅದೇ ಸಾಲಿನಲ್ಲಿ ನಿಂತಿದ್ದಾರೆ. ಜಿನೀವಾ, ನ್ಯೂಯಾರ್ಕ್ ಕನಸು ಕಟ್ಟಿಕೊಂಡು ಹೋದರೆ ನಿರಾಸೆ ಆಗಬಹುದು.

ಇಲ್ಲಿ ಮಾತ್ರ ಕೆಲಸ ಕಡಿಮೆಯಾಗಿಲ್ಲ, ಅದರ ರೂಪ ಬದಲಾಗಿದೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಆ ಹಣವನ್ನು ಸರಿಯಾಗಿ ಖರ್ಚು ಮಾಡಲು, ಅಳೆಯಲು ಜನ ಬೇಕು. ಮಹಿಳಾ ಸಂಘಗಳ ಸಂಜೀವಿನಿ ಯೋಜನೆ ಇದೆ. ಕರಾವಳಿಗೆ ವಿಶ್ವ ಬ್ಯಾಂಕಿನ ನೆರವು ಬರುತ್ತಿದೆ. ಅರಣ್ಯ ಹಕ್ಕಿನ ಅರ್ಜಿಗಳು ರಾಶಿ ಬಿದ್ದಿವೆ. ಇದಕ್ಕೆಲ್ಲ ಕನ್ನಡ, ಕೊಂಕಣಿ ಮಾತಾಡುವ, ಪಹಣಿ ಓದಬಲ್ಲ, ಇಂಗ್ಲಿಷಿನಲ್ಲಿ ವರದಿಯನ್ನೂ ಬರೆಯಬಲ್ಲವರು ಬೇಕು. ಮೂರೂ ಬಲ್ಲವರು ಬಹಳ ಕಡಿಮೆ.

ಹಾಗಾಗಿ ಪದವಿ ಮುಗಿದ ಮರುವರ್ಷವೇ ಅರ್ಜಿ ಹಾಕಬೇಡಿ. ಎರಡು ಮೂರು ವರ್ಷ ಎಲ್ಲಾದರೂ ಕೆಲಸ ಮಾಡಿ. ಸ್ವಯಂಸೇವಾ ಸಂಸ್ಥೆ, ಸಹಕಾರಿ ಸಂಘ, ಎಸ್‌ಬಿಐ ಯೂತ್ ಫಾರ್ ಇಂಡಿಯಾದಂಥ ಫೆಲೋಶಿಪ್, ಯಾವುದಾದರೂ ಸರಿ. ಗ್ರಾಮಸಭೆಯ ನಡಾವಳಿ ಪುಸ್ತಕ ಓದಿ. ಒಂದು ಕಾಮಗಾರಿಯ ಅಂದಾಜು ಪಟ್ಟಿ ಕೇಳಿ ನೋಡಿ. ಅಷ್ಟು ಮಾಡಿ ಹೋದರೆ ತರಗತಿಯಲ್ಲಿ ಹೇಳುವ ಪ್ರತಿ ಮಾತಿಗೂ ನಿಮ್ಮ ಹತ್ತಿರ ಒಂದು ‘ಆದರೆ’ ಇರುತ್ತದೆ. ಸುಮ್ನೆ ಹೋದರೆ ಬರೆದುಕೊಂಡು ಬರುತ್ತೀರಿ, ಅಷ್ಟೇ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು: ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ಬಿಎ, ನಮಗೆ ಇದು ಆಗ್ತದಾ? ಆಗುತ್ತದೆ. ಬಿಎ, ಬಿಕಾಂ, ಬಿಎಸ್ಸಿ, ಯಾವ ಪದವಿಯವರನ್ನೂ ತೆಗೆದುಕೊಳ್ಳುತ್ತಾರೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 6.5 ಕೇಳುತ್ತಾರೆ. ಅದು ಒಂದು ವರ್ಷದ ಅಭ್ಯಾಸದಲ್ಲಿ ಬರುವಂಥದ್ದು. ಕಷ್ಟ ಇರುವುದು ಅರ್ಜಿಯ ಜೊತೆ ಕೊಡುವ ಒಂದೆರಡು ಪುಟದ ಬರಹದಲ್ಲಿ. ‘ಚಿಕ್ಕಂದಿನಿಂದಲೂ ಬಡವರ ಸೇವೆ ಮಾಡುವ ಆಸೆ’ ಅಂತ ಬರೆದ ಅರ್ಜಿಗಳು ಅವರಿಗೆ ರಾಶಿ ಬರುತ್ತವೆ. ನೀವು ಕಣ್ಣಾರೆ ಕಂಡ ಒಂದು ಯೋಜನೆಯ ಬಗ್ಗೆ ಬರೆಯಿರಿ. ಅದರಲ್ಲಿ ಏನು ನಡೆಯಿತು, ಯಾಕೆ ಹಾಗಾಯಿತು ಅಂತ ನಿಮಗೆ ಅನ್ನಿಸುತ್ತದೆ, ಯಾವ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಮೊದಲ ಕರಡು ಕನ್ನಡದಲ್ಲೇ ಇರಲಿ, ವಿಚಾರ ಗಟ್ಟಿಯಾದ ಮೇಲೆ ಇಂಗ್ಲಿಷಿಗೆ ತನ್ನಿ. ಚೀವ್ನಿಂಗ್ ಅರ್ಜಿ ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್ ಆರಂಭದಲ್ಲಿ ಮುಗಿಯುತ್ತದೆ. ಇಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳೂ ಕೆಲವರು ಬಂದಿದ್ದೀರಿ, ಈ ವರ್ಷವೇ ಹಾಕುವವರಿದ್ದರೆ ಕರಡನ್ನು ಜುಲೈ ಒಳಗೆ ನನಗೆ ಕೊಡಿ. ಓದಿ, ಗುರುತು ಹಾಕಿ ವಾಪಸ್ ಕೊಡುತ್ತೇನೆ. ಮತ್ತೆ ತಿದ್ದಿ ಬರೆಯಲು ನಿಮಗೆ ಸಮಯ ಸಿಗುತ್ತದೆ.